ಮಲಗಿಸಿಟ್ಟ ಗಾಡಿ

ಇಳಕಲ್ಲಿನಿಂದ ಕ್ವಾರಿಗಳ ಕಡೆ ಹೋಗುವ ದಾರಿಯಲ್ಲಿ, ಕೆಲಸ ನಿಂತುಹೋದ ಒಂದು ಪಾಲಿಶ್ ಶೆಡ್ಡಿನೊಳಗೆ ಆ ಅಂಬಾಸಿಡರ್ ಕಾರು ನಿಂತಿತ್ತು. ಮಾಲೀಕ ಶಟರ್ ಎತ್ತಿದಾಗ ನನಗೆ ಮೊದಲು ಕಂಡದ್ದು ಕಾರಲ್ಲ, ನಾನೇ. ಗೋಡೆಗುಂಟ ಆಳೆತ್ತರದ ಕೆಂಪು ಕಲ್ಲಿನ ಹಲಗೆಗಳನ್ನು ಒರಗಿಸಿಟ್ಟಿದ್ದರು. ಎಳೆ ಬಿದ್ದ ಕಲ್ಲೆಂದು ಯಾರೂ ಕೊಳ್ಳದೆ ಉಳಿದ ಮಾಲು. ಪಾಲಿಶ್ ಮಾತ್ರ ಕನ್ನಡಿಯಂತಿತ್ತು. ನಾನು ಒಂದು ಹೆಜ್ಜೆ ಇಟ್ಟರೆ ಶೆಡ್ಡಿನ ಸುತ್ತಲೂ ಕಪ್ಪುಗೆಂಪಿನ ಮನುಷ್ಯರು ಒಂದೊಂದು ಹೆಜ್ಜೆ ಇಟ್ಟರು.

"ಎಲ್ಲಾ ಐತ್ರಿ ಉಸ್ತಾದ್ರ, ಪೆಟ್ರೋಲ್ ಐತಿ, ಕರೆಂಟ್ ಐತಿ. ಚಾಲೂ ಆಗವಲ್ದು, ಅಷ್ಟ," ಎಂದ ಮಾಲೀಕ. ಹುನಗುಂದದ ನನ್ನ ಗ್ಯಾರೇಜಿಗೆ ಫೋನ್ ಮಾಡಿದಾಗಲೂ ಇದನ್ನೇ ಹೇಳಿದ್ದ. ಇಬ್ಬರು ಮೆಕ್ಯಾನಿಕರು ಬಂದು ಕೈ ಚೆಲ್ಲಿ ಹೋಗಿದ್ದರು. ಕಾರು ಅವನ ತಂದೆಯದು. ತಂದೆ ತೀರಿಕೊಂಡ ಮೇಲೂ ಇವನು ಅದನ್ನು ಓಡಿಸುತ್ತಿದ್ದ. ಹೋದ ವರ್ಷ ಒಂದು ದಿನ ಇದ್ದಕ್ಕಿದ್ದಂತೆ ನಿಂತದ್ದು ನಿಂತೇಹೋಯಿತು. ಈಗ ತಾಯಿಗೆ ಮಂಡಿಯ ಆಪರೇಶನ್ ಇತ್ತು. ಅದಕ್ಕೆ ಮೊದಲು ಗಂಡನ ಗಾಡಿಯಲ್ಲೇ ಕೂತು, ಸೊಸೆ ಮೊಮ್ಮಕ್ಕಳ ಜೊತೆ ಬಾದಾಮಿ ಬನಶಂಕರಿಗೆ ಹೋಗಿ ಬರಬೇಕೆಂಬುದು ಆಕೆಯ ಆಸೆ. ಓಡಿಸುವವನು ಇವನೇ.

ಹಳೆಯ ಪೆಟ್ರೋಲ್ ಇಂಜಿನ್ ಚಾಲೂ ಆಗುವುದಕ್ಕೆ ಬೇಕಾದದ್ದು ಕೆಲವೇ: ಗಾಳಿ, ಎಣ್ಣೆ, ಕಿಡಿ ಮತ್ತು ಹೊತ್ತು. ಹಳಸಿದ ಪೆಟ್ರೋಲ್ ಚೆಲ್ಲಿ ಹೊಸದನ್ನು ತುಂಬಿದೆ. ಕಾರ್ಬುರೇಟರ್ ಬಿಚ್ಚಿ ತೊಳೆದೆ. ಪ್ಲಗ್ಗಿನ ತುದಿಯಲ್ಲಿ ಕಿಡಿ ನೀಲಿಯಾಗಿ, ಚಟ್ ಎಂದು ಬೀಳುತ್ತಿತ್ತು. ಉಳಿದದ್ದು ಹೊತ್ತು. ಅದನ್ನು ನೋಡಿಕೊಳ್ಳುವುದು ಡಿಸ್ಟ್ರಿಬ್ಯೂಟರ್, ಇಂಜಿನ್ನಿನ ಪಕ್ಕಕ್ಕೆ ಕೂತ ಗುಂಡನೆಯ ಡಬ್ಬಿ. ಅದರೊಳಗೆ ರೋಟರ್ ಸುತ್ತುತ್ತ ನಾಲ್ಕು ಸಿಲಿಂಡರ್‌ಗಳಿಗೂ ಸರದಿಯಂತೆ ಕಿಡಿ ಹಂಚುತ್ತದೆ. ಪಿಸ್ಟನ್ ಮೇಲೇರಿ ಗಾಳಿ-ಪೆಟ್ರೋಲನ್ನು ಹಿಂಡಿ ಹಿಡಿದ ಗಳಿಗೆಗೇ ಕಿಡಿ ಬೀಳಬೇಕು. ತೀರ ಮೊದಲೇ ಬಿದ್ದರೆ ಇಂಜಿನ್ ಒದೆಯುತ್ತದೆ, ತಡವಾದರೆ ಕೆಮ್ಮುತ್ತದೆ.

ಮುಂದಿನ ಪುಲ್ಲಿಯ ಅಂಚಿನಲ್ಲಿ ಒಂದು ಕಚ್ಚು ಇರುತ್ತದೆ. ಅದನ್ನು ಇಂಜಿನ್ ಮುಚ್ಚಳದ ಮುಳ್ಳಿಗೆ ಹೊಂದಿಸಿ ನಿಲ್ಲಿಸಿದರೆ ಒಂದನೇ ಪಿಸ್ಟನ್ ತುತ್ತತುದಿಯಲ್ಲಿದೆ ಎಂದು ಅರ್ಥ. ಹ್ಯಾಂಡಲ್ ಹಾಕಿ ತಿರುಗಿಸಿ ಕಚ್ಚು ಹೊಂದಿಸಿದೆ. ಸಣ್ಣ ಬಲ್ಬೊಂದನ್ನು ವೈರಿಗೆ ಕಟ್ಟಿ, ಕಿಡಿ ಹುಟ್ಟಿಸುವ ಪಾಯಿಂಟ್ ತೆರೆಯುವ ಗಳಿಗೆಗೆ ಅದು ಹೊತ್ತುವಂತೆ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ಆಚೆ ಈಚೆ ಮಾಡಿ ಬಿಗಿದೆ. ಎಲ್ಲವೂ ಸರಿಯಿತ್ತು.

"ಹಾಕ್ರಿ," ಎಂದೆ. ಮಾಲೀಕ ಕೀ ತಿರುಗಿಸಿದ.

ಇಂಜಿನ್ ಎರಡು ಸುತ್ತು ನರಳಿ ಕಾರ್ಬುರೇಟರಿನ ಬಾಯಿಂದ ಢಮ್ ಎಂದು ಬೆಂಕಿ ಉಗುಳಿತು. ನಾನು ಹಿಂದೆ ಸರಿದೆ. ಸದ್ದು ಅಡಗುವ ಮೊದಲೇ ಶೆಡ್ಡಿನ ಹಿಂದಿನಿಂದ ಇನ್ನೊಂದು ಢಮ್ ಬಂತು. ಅದರ ಬೆನ್ನಿಗೆ ಮೋಟರಿನ ನರಳಾಟ, ನಮ್ಮದು ನಿಂತ ಮೇಲೂ. ಅಲ್ಲಿ ಯಾರೋ ಇನ್ನೊಂದು ಗಾಡಿ ಚಾಲೂ ಮಾಡುತ್ತಿರುವ ಹಾಗೆ.

"ಅದು ಕ್ವಾರಿರಿ, ಹಿಂದ ಹಳೇ ತಗ್ಗೈತಿ, ಸಪ್ಪಳ ತಿರುಗಿ ಬರತೈತಿ," ಎಂದ ಮಾಲೀಕ. ಹೋಗಿ ನೋಡಿದೆ. ನೆಟ್ಟಗೆ ಕೊರೆದ ಕಲ್ಲಿನ ಗೋಡೆಗಳು, ತಳದಲ್ಲಿ ಅಲುಗಾಡದ ಹಸಿರು ನೀರು. ಮಟಮಟ ಮಧ್ಯಾಹ್ನವಾದರೂ ಅಲ್ಲಿ ಒಂದು ಹಕ್ಕಿಯೂ ಇರಲಿಲ್ಲ. ತಿರುಗಿ ಬಂದು ಬಾನೆಟ್ಟಿನ ಮೇಲೆ ಬಗ್ಗುವಾಗ ಎದುರಿನ ಕಲ್ಲಿನಲ್ಲಿ ನನ್ನ ಬೆನ್ನ ಹಿಂದೆ ಒಬ್ಬ ಕೂತಿರುವುದು ಕಂಡಿತು. ಅಲುಗಾಡುತ್ತಿರಲಿಲ್ಲ. ಹಣೆಯ ಮೇಲೆ ಒಂದು ಹಳದಿ ಪಟ್ಟಿ. ಟಣ್, ಟಣ್, ಟಣ್ ಎಂದು ಲೋಹದ ಸದ್ದು.

ನಾನು ಥಟ್ಟನೆ ತಿರುಗಿದೆ. ಶೆಡ್ಡಿಗೆ ಅಂಟಿಕೊಂಡೇ ಒಂದು ಕೋಣೆಯಿತ್ತು. ಅದರ ಬಾಗಿಲಲ್ಲಿ, ಕಬ್ಬಿಣದ ಕುರ್ಚಿಯಲ್ಲಿ ಒಬ್ಬ ಮುದುಕ ಕೂತಿದ್ದ. ಬಲಗೈ ತೊಡೆಯ ಮೇಲೆ ಸತ್ತು ಬಿದ್ದಿತ್ತು. ಎಡಗೈಯಲ್ಲಿದ್ದ ಸ್ಟೀಲ್ ಲೋಟವನ್ನು ಕುರ್ಚಿಗೆ ಬಡಿಯುತ್ತಿದ್ದ. ಹಣೆಗೆ ಬೀರಪ್ಪನ ಭಂಡಾರದ ಅರಿಶಿನ.

"ಡ್ರೈವರ್ ಕಾಕಾ. ಅಪ್ಪನ ಕಾಲದಾಂವ," ಎಂದ ಮಾಲೀಕ. "ನಾ ಅವನ ತೊಡಿಮ್ಯಾಲೆ ಕುಂತs ಸ್ಟೇರಿಂಗ್ ಹಿಡಿದಾಂವ. ಹೋದ ವರ್ಷ ಲಕ್ವಾ ಹೊಡೀತು, ಮಾತು ಹೋತು. ಗಾಡಿ ಸಪ್ಪಳ ಕೇಳಿದ್ರ ಸಾಕು, ಹಿಂಗ ಬಡೀತಾನ. ಭಾಳ ಹುರುಪು ಅವಗ."

ನಾನು ಆ ಮುಖ ನೋಡಿದೆ. ಅರ್ಧ ಮುಖ ಜೋತುಬಿದ್ದಿತ್ತು. ಇನ್ನರ್ಧದಲ್ಲಿ ಇದ್ದದ್ದು ಹುರುಪು ಎಂದು ನನಗೇನೂ ಅನ್ನಿಸಲಿಲ್ಲ. ಆದರೆ ಅದು ನನ್ನ ಕೆಲಸವಲ್ಲ ಎಂದುಕೊಂಡೆ.

ಮರುದಿನ ಮುಂಜಾನೆ ಬಂದು ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ಜಾಡು ನೋಡಿದೆ. ಈ ಇಂಜಿನ್ನಿನ ಸರದಿ ಒಂದು, ಮೂರು, ನಾಲ್ಕು, ಎರಡು. ಹಿಂದಿನ ದಿನ ಮೇಲೆ ಮೇಲೆ ನೋಡಿ ಸರಿಯಿದೆ ಎಂದುಕೊಂಡಿದ್ದೆ, ವೈರುಗಳ ಮೇಲೆ ಬಣ್ಣದ ದಾರ ಕಟ್ಟಿ ಗುರುತಿತ್ತು. ದಾರಗಳೇ ಸುಳ್ಳು ಹೇಳುತ್ತಿದ್ದವು. ಮೂರರದು ಎರಡಕ್ಕೆ, ಎರಡರದು ಮೂರಕ್ಕೆ ಹೋಗಿತ್ತು. ಹಿಂದೆ ಬಂದ ಮೆಕ್ಯಾನಿಕರ ಅವಸರ ಎಂದು ಬೈದುಕೊಂಡು ಬದಲಿಸಿದೆ. ಈ ಸಲ ಹ್ಯಾಂಡಲ್ ಹಾಕಿ ನಾನೇ ತಿರುಗಿಸಿದೆ. ಇಂಜಿನ್ ಹಿಮ್ಮುಖವಾಗಿ ಒದ್ದ ಹೊಡೆತಕ್ಕೆ ಹ್ಯಾಂಡಲ್ ಕೈಯಿಂದ ಹಾರಿತು. ಹೆಬ್ಬೆರಳನ್ನು ಮಡಚದೆ ಹಿಡಿದಿದ್ದರಿಂದ ಮಣಿಕಟ್ಟು ಉಳಿಯಿತು. ಹಿಂದಿನ ತಗ್ಗಿನಿಂದ ಆ ಇನ್ನೊಂದು ಗಾಡಿಯೂ ಒದ್ದಿತು. ಲೋಟದ ಸದ್ದು ಜೋರಾಯಿತು.

ಕೈ ನೀವಿಕೊಳ್ಳುತ್ತ ಕೂತಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಅರೆಬರೆ ಕಲಿತ ಮೆಕ್ಯಾನಿಕ್ ಕೈಯಾಡಿಸಿದ ಇಂಜಿನ್ನಿನ ಮೈಮೇಲೆ ಗಾಯಗಳಿರುತ್ತವೆ. ಸವೆದ ನಟ್ಟು, ಜಾರಿದ ಸ್ಕ್ರೂಡ್ರೈವರಿನ ಗೀರು, ಹರಿದ ರಬ್ಬರು. ಇಲ್ಲಿ ಒಂದೂ ಇರಲಿಲ್ಲ. ಡಿಸ್ಟ್ರಿಬ್ಯೂಟರಿನ ಬೋಲ್ಟನ್ನು ನಾನು ಮುಟ್ಟುವ ಮೊದಲೇ ಯಾರೋ ಬಿಚ್ಚಿದ್ದು ನಿಜ, ಹಳೆಯ ಮಸಿಯ ನಡುವೆ ಅದೊಂದರ ಮೂಲೆಗಳು ಹಿಂದಿನ ದಿನವೇ ಮಿನುಗುತ್ತಿದ್ದವು. ಆದರೆ ಬಿಚ್ಚಿದ ಕೈ ಅವಸರದ ಕೈಯಲ್ಲ. ಬಿಚ್ಚಿ, ಒರೆಸಿ, ಎಣ್ಣೆ ಸವರಿ ಕೂರಿಸಿತ್ತು. ಇಷ್ಟು ಕಾಳಜಿಯ ಕೈ ವೈರು ತಪ್ಪಿಸುತ್ತದೆಯೇ? ತಪ್ಪಿದ ವೈರಿಗೆ ದಾರ ಕಟ್ಟುತ್ತದೆಯೇ? ಶೆಡ್ಡಿನ ತಗಡು ಬಿಸಿಲಿಗೆ ಕಾದು ಟಕ್ ಟಕ್ ಎನ್ನುತ್ತಿತ್ತು.

ಕೋಣೆಯೊಳಗಿಂದ ಮಗ್ಗದ ಸದ್ದು ಬರುತ್ತಿತ್ತು. ಡ್ರೈವರನ ಮಗಳು ಸೀರೆ ನೇಯುತ್ತಿದ್ದಳು. ಚಹಾ ತಂದುಕೊಟ್ಟು, ಮಾಲೀಕ ದೂರ ಫೋನಿನಲ್ಲಿರುವುದನ್ನು ನೋಡಿಕೊಂಡು, ಸಣ್ಣ ದನಿಯಲ್ಲಿ ಕೇಳಿದಳು: "ಚಾಲೂ ಆಗ್ತೈತೇನ್ರಿ?"

"ಆಗಬೇಕಲ್ಲವಾ. ಯಾಕ?"

"ಅಪ್ಪಗ ಹಿಂಗಾಗೂ ಹಿಂದಿನ ದಿನ ಮುಂಜಾನಿಂದ ಸಂಜೀತನಾ ಇದರ ಮುಂದs ಕುಂತಿದ್ದ. ಉಣ್ಣಾಕ ಕರೀಲಿಕ್ಕೆ ಬಂದ್ರ, 'ತಡೀ ತಂಗಿ, ಗಾಡಿ ಮಲಗಿಸೇನಿ, ಇನ್ನ ಯಾರೂ ಎಬ್ಬಿಸೂದಿಲ್ಲ' ಅಂದ. ನಾಳೆ ಹುಬ್ಬಳ್ಳಿಗೆ ಹೋಗಿ ಸಾಮಾನ ಹುಡ್ಕಿ ತರ್ತೇನಿ ಅಂದ. ಮರುದಿನ ಎದ್ದs ಇಲ್ಲ ನೋಡ್ರಿ."

"ಏನು ಸಾಮಾನು?"

"ಹೇಳ್ಲಿಲ್ರಿ. ಕೂಸು ಮಲಗಿಸಿದಂಗ ಹೇಳಿದ್ದ. ನನಗ ಅಂಜಿಕಿ ಬಂತು. ಮಾಲಕರಿಗೆ ಹೇಳಿದ್ರ ನಗತಾರಂತ ಬಿಟ್ಟೆ."

ನಾನು ನಗಲಿಲ್ಲ. ಅವಳ ಮಗ್ಗದಿಂದ ಬಿದಿರಿನ ತೆಳ್ಳನೆಯ ಸೀಳೊಂದನ್ನು ಕೇಳಿ ಪಡೆದೆ.

ಒಂದನೇ ಪ್ಲಗ್ ಬಿಚ್ಚಿ, ಆ ತೂತಿಗೆ ಹೆಬ್ಬೆರಳು ಒತ್ತಿ, ಇನ್ನೊಂದು ಕೈಯಲ್ಲಿ ಇಂಜಿನ್ ತಿರುಗಿಸುತ್ತ ಹೋದೆ. ಪಿಸ್ಟನ್ ಏರಿದಂತೆ ಬೆರಳಿನ ಕೆಳಗೆ ಗಾಳಿ ಉಬ್ಬುತ್ತದೆ. ಬೆಚ್ಚಗಿನ, ಎಣ್ಣೆ ವಾಸನೆಯ ಉಸಿರು. ಆ ಉಸಿರು ಇನ್ನೂ ಉಬ್ಬುತ್ತಲೇ ಇತ್ತು. ಪುಲ್ಲಿಯ ಕಚ್ಚು ಮಾತ್ರ ಆಗಲೇ ಮುಳ್ಳಿಗೆ ಬಂದುಬಿಟ್ಟಿತ್ತು. ಇನ್ನೊಂದಿಷ್ಟು ತಿರುಗಿಸಿದೆ. ಉಸಿರು ಮುಗಿದು ಸುಮ್ಮನಾಗಿ, ಇಂಜಿನ್ ಈಗ ಬೆರಳನ್ನು ಒಳಕ್ಕೆಳೆಯತೊಡಗಿತು, ಉಸಿರು ತೆಗೆದುಕೊಳ್ಳುತ್ತಿರುವಂತೆ. ಕಚ್ಚು ಅಷ್ಟರಲ್ಲಿ ಮುಳ್ಳು ದಾಟಿ ಹೋಗಿತ್ತು.

ಎರಡರಲ್ಲಿ ಒಂದು ಸುಳ್ಳು, ಉಸಿರು ಇಲ್ಲವೇ ಗುರುತು. ಓರೆಯಾಗಿದ್ದ ಪ್ಲಗ್ಗಿನ ತೂತಿನೊಳಗೆ ಬಿದಿರಿನ ಸೀಳನ್ನು ಪಿಸ್ಟನ್ ಮುಟ್ಟುವವರೆಗೆ ಇಳಿಬಿಟ್ಟೆ. ಅದು ಏರುವಾಗ ಒಂದು ಎತ್ತರದಲ್ಲಿ ಪುಲ್ಲಿಗೆ ಸೀಮೆಸುಣ್ಣದ ಗೆರೆ ಹಾಕಿದೆ. ಇಳಿಯುವಾಗ ಅದೇ ಎತ್ತರಕ್ಕೆ ಮತ್ತೊಂದು ಗೆರೆ. ಎರಡರ ನಟ್ಟನಡುವೆ ನಿಜವಾದ ತುದಿ. ಅಲ್ಲಿ ಮಸಿ ಒರೆಸಿ ಉಗುರಿನಿಂದ ಕೆರೆದೆ. ಮೇಲೆ ಮೆತ್ತಿದ್ದ ಲೋಹದ ಅಂಟು ಸಣ್ಣ ಚೂರಾಗಿ ಎದ್ದಿತು, ಕೆಳಗೆ ಹಳೆಯ ಕಚ್ಚು ಬಾಯಿ ತೆರೆದಿತ್ತು. ಅದನ್ನು ಮೆತ್ತಿ ಮುಚ್ಚಿ, ಬೇರೆ ಕಡೆ ಅರದಿಂದ ಹೊಸ ಕಚ್ಚು ಕೊರೆದು, ಅದಕ್ಕೆ ಮಸಿ ತುಂಬಿ ವಯಸ್ಸಾಗಿಸಿದ್ದರು. ಗುರುತು ನಂಬಿದವನಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಬಲ್ಬೂ ಹೊತ್ತುತ್ತದೆ. ಗಾಡಿ ಮಾತ್ರ ಏಳುವುದಿಲ್ಲ. ರೋಟರ್ ಒಂದನ್ನೇ ಕಿತ್ತು ಬಚ್ಚಿಟ್ಟಿದ್ದರೆ ಬಾಗಲಕೋಟೆಯಿಂದ ಇನ್ನೊಂದು ತಂದು ಹಾಕುತ್ತಿದ್ದರು. ಇದು ಹಾಗಲ್ಲ. ಬರುವ ಮೆಕ್ಯಾನಿಕ್ ಹೇಗೆ ಯೋಚಿಸುತ್ತಾನೆಂದು ಅವನಿಗಿಂತ ಮೊದಲೇ ಯೋಚಿಸಿ ಮಾಡಿದ ಕೆಲಸ.

ತಲೆ ಎತ್ತಿದೆ. ಕಲ್ಲಿನೊಳಗಿನ ಡ್ರೈವರ್ ನನ್ನನ್ನೇ ನೋಡುತ್ತಿದ್ದ.

ನಿಜ ಹೇಳಬೇಕೆಂದರೆ ನನಗೆ ಗೆದ್ದ ಖುಷಿಯೂ ಇತ್ತು. ನಿಜವಾದ ಕಚ್ಚಿಗೆ ಎಲ್ಲ ಹೊಂದಿಸಿದೆ, ಬಲ್ಬು ಇಟ್ಟು ನೋಡಿದೆ, ಬಿಗಿದೆ. ಈ ಸಲ ಚಾಲೂ ಆಗುವುದು ಖಂಡಿತವಿತ್ತು. ಮಾಲೀಕನಿಗೆ ಅದು ನನ್ನ ಮುಖದಲ್ಲೇ ಗೊತ್ತಾಗಿರಬೇಕು. ಫೋನ್ ಮಾಡಿ ತಾಯಿಯನ್ನು ಕರೆಸಿದ. ಆಕೆ ಕೋಲೂರಿ ಬಂದು, ಬಾನೆಟ್ಟಿಗೆ ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, "ಎಷ್ಟು ದಿನಾತವ್ವಾ ಇದರ ದನಿ ಕೇಳಿ," ಎಂದಳು. ಮಾಲೀಕ ಸೀಟಿನಲ್ಲಿ ಕೂತು ಕೀಗೆ ಕೈ ಹಾಕಿದ.

ಮಗ್ಗ ನಿಂತಿತು. ಲೋಟದ ಸದ್ದಿಗಾಗಿ ಕಾದೆ, ಬರಲಿಲ್ಲ. ಲೋಟ ಅವನ ಕೈಯಿಂದ ಜಾರಿ ಬಿದ್ದು ನೀರು ನೆಲದ ಮೇಲೆ ಹರಿಯುತ್ತಿತ್ತು. ಅವನು ನನ್ನ ಕಡೆ ನೋಡುತ್ತಿರಲಿಲ್ಲ, ಇಂಜಿನ್ನಿನ ಕಡೆಯೂ ಅಲ್ಲ. ಅವನ ಕಣ್ಣು ಕೆಳಗೆ, ಮುಂದಿನ ಚಕ್ರದ ಮೇಲಿತ್ತು.

ಆ ಗಳಿಗೆಯಲ್ಲಿ ನನಗೆ ಹೊಳೆದದ್ದು ಇಷ್ಟೇ: ಇಷ್ಟೆಲ್ಲ ಮಾಡಿದ ಈ ಮನುಷ್ಯ ಕಾರಿನ ಒಂದು ಭಾಗವನ್ನೂ ಕೆಡಿಸಿಲ್ಲ. ಸೇಡಿನವನಾದರೆ ಪೆಟ್ರೋಲ್ ಟ್ಯಾಂಕಿಗೆ ಸಕ್ಕರೆ ಸುರಿಯುತ್ತಿದ್ದ. ಇವನು ಗಾಡಿಯನ್ನು ನಿಲ್ಲಿಸಿದ್ದಾನೆ, ಅಷ್ಟೇ. ಪ್ರೀತಿಯ ಗಾಡಿಯನ್ನು ಒಬ್ಬ ಡ್ರೈವರ್ ಯಾಕೆ ನಿಲ್ಲಿಸುತ್ತಾನೆ?

ಕಿಡಿಗೆ ಕರೆಂಟ್ ಕೊಡುವ ಕಾಯಿಲಿನ ವೈರು ಕಿತ್ತು ಜೇಬಿಗೆ ಹಾಕಿಕೊಂಡೆ. ಸ್ಟಾರ್ಟರ್ ಸುಮ್ಮನೆ ಸುತ್ತಿತು.

"ಈಗ ಬ್ಯಾಡ್ರಿ," ಎಂದೆ.

"ಯಾಕ? ಏನಾತು?"

"ಕೆಳಗ ಒಮ್ಮಿ ನೋಡ್ತೇನಿ. ಚಕ್ರ, ಸ್ಟೇರಿಂಗ್."

ಮಾಲೀಕ ಇಳಿದು ಬಂದ. ತಾಯಿಯ ಮುಂದೆ ಮುಖಭಂಗವಾಗಿತ್ತು. "ನಿಮ್ಮನ್ನ ಕರ್ಸಿದ್ದು ಚಾಲೂ ಮಾಡಾಕರಿ. ಮ್ಯಾಲ ಎಲ್ಲಾ ಸರಿ ಮಾಡೀರಿ, ಈಗ ಕೆಳಗ ಅಂತೀರಿ. ಚಾಲೂ ಆಗೂದಿಲ್ಲಂದ್ರ ಆಗೂದಿಲ್ಲ ಅಂತ ಹೇಳಿ ಹೋಗ್ರಲಾ."

"ಚಾಲೂ ಆಗ್ತೈತಿ. ಅದಕs ಅಂಜಾಕತ್ತೇನಿ."

ಆ ಮಾತು ಹೇಗೆ ಬಾಯಿಂದ ಬಂತೋ ತಿಳಿಯದು. ತಾಯಿ ಮಗನ ತೋಳು ಮುಟ್ಟಿ, "ನೋಡಲಿ ಬಿಡೋ ತಮ್ಮಾ," ಎಂದಳು.

ಮುಂಭಾಗ ಜಾಕ್ ಮೇಲೆ ಏರಿಸಿ, ಚಕ್ರ ಬಿಚ್ಚಿ, ಬೆನ್ನ ಮೇಲೆ ಒಳಗೆ ಸರಿದೆ. ಸ್ಟೇರಿಂಗಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವುದು ಬಾಗಿದ ಒಂದು ಕಬ್ಬಿಣದ ತೋಳು. ಎಲ್ಲ ಕಡೆ ಒಣಗಿದ ಗ್ರೀಸು, ಕೆಂಪು ಧೂಳು ಗಟ್ಟಿಯಾಗಿ ಕೂತಿತ್ತು. ಬಲಗಡೆಯ ತೋಳಿನ ಬುಡವನ್ನು ಮಾತ್ರ ಯಾರೋ ಒರೆಸಿ ಚೊಕ್ಕ ಮಾಡಿ, ಅಲ್ಲಿ ಒಂದು ಉದ್ದನೆಯ ಬಿಳಿ ಬಣ್ಣದ ಗೆರೆ ಎಳೆದಿದ್ದರು. ಬಣ್ಣ ನಡುವೆ ಸೀಳಿತ್ತು.

ಹಳೆಯ ಕೈಗಳಿಗೆ ಇದು ಗೊತ್ತು. ಲೋಹದಲ್ಲಿ ಬಿರುಕಿನ ಅನುಮಾನ ಬಂದರೆ ಅದರ ಮೇಲೆ ಬಣ್ಣ ಹಚ್ಚಿ ಬಿಡಬೇಕು, ಗಾಡಿ ಓಡಬೇಕು, ಆಮೇಲೆ ನೋಡಬೇಕು. ಬಣ್ಣ ಒಡೆದಿದ್ದರೆ ಬಿರುಕು ಬೆಳೆಯುತ್ತಿದೆ. ಸುತ್ತಿಗೆಯಿಂದ ಎಡಗಡೆಯ ತೋಳಿಗೆ ತಟ್ಟಿದೆ, ಗಂಟೆಯಂತೆ ನುಡಿಯಿತು. ಬಲಗಡೆಗೆ ತಟ್ಟಿದೆ. ಒಡೆದ ಗಡಿಗೆಯ ಸದ್ದು.

ಮಾಲೀಕನನ್ನು ಕೆಳಗೆ ಬಗ್ಗಿಸಿ ತೋರಿಸಿದೆ. ಅವನು ನಂಬಿದನೋ ಇಲ್ಲವೋ ಎಂದು ಒಂದು ಪೈಪು ತೊಡಿಸಿ ಸ್ವಲ್ಪ ಜಗ್ಗಿದೆ. ಸ್ವಲ್ಪವೇ. ತೋಳು ಖಡಕ್ ರೊಟ್ಟಿ ಮುರಿದ ಹಾಗೆ ಮುರಿದು ಕೈಗೆ ಬಂತು. ಮುರಿದ ಮೈ ಮುಕ್ಕಾಲು ಭಾಗ ತುಕ್ಕಿನಿಂದ ಕೆಂಪಗಿತ್ತು, ಉಳಿದ ಅಂಚಷ್ಟೇ ಹೊಸದಾಗಿ ಹೊಳೆಯುತ್ತಿತ್ತು. ಆ ಅಂಚಿನ ಮೇಲೆ ಇಡೀ ಸಂಸಾರ ಗುಳೇದಗುಡ್ಡದ ಇಳಿಜಾರು ಇಳಿಯುವುದಿತ್ತು.

ಮಾಲೀಕ ಮುರಿದ ತುಂಡನ್ನು ಕೈಗೆ ತೆಗೆದುಕೊಂಡ. ಆಮೇಲೆ ನನಗಲ್ಲ, ಮುರಿದ ಕಬ್ಬಿಣಕ್ಕೆ ಹೇಳುವಂತೆ ಹೇಳಿದ: "ಕ್ವಾರ್ಯಾಗ ಕಲ್ಲಿಗೆ ಬಡದಿತ್ತು. ನಾನs ಬಡಿದಿದ್ದೆ. ಕಾಕಾ ಎರಡು ಸಲಾ ಬಂದು ಹೇಳಿದ್ದ, ಸ್ಟೇರಿಂಗ್ ಸರಿ ಇಲ್ಲ, ಹೊರಗ ಒಯ್ಯಬ್ಯಾಡ್ರಿ ಅಂತ. ವಯಸ್ಸಾತು ಕಾಕಾ, ನಿನ್ನ ಕೈ ನಡಗತಾವು, ಗಾಡೀಗೇನಾಗಿಲ್ಲ ಅಂದಿದ್ದೆ."

ಅವನು ಎದ್ದು ಹೋಗಿ ಡ್ರೈವರನ ಕುರ್ಚಿಯ ಹತ್ತಿರ, ಆ ಒದ್ದೆ ನೆಲದ ಮೇಲೆಯೇ ಕೂತ. ಏನು ಹೇಳಿದನೋ ನನಗೆ ಕೇಳಿಸಲಿಲ್ಲ. ನಾನು ಆ ಕಡೆ ನೋಡಲೂ ಇಲ್ಲ. ಆದರೆ ಸುತ್ತಲಿನ ಕಲ್ಲುಗಳೆಲ್ಲ ಅದನ್ನೇ ತೋರಿಸುತ್ತಿದ್ದವು, ಕೂತ ಮುದುಕನನ್ನು, ತಲೆ ತಗ್ಗಿಸಿದ ಗಂಡಸನ್ನು, ಗೋಡೆಯಿಂದ ಗೋಡೆಗೆ.

ಡ್ರೈವರ್ ಹುಬ್ಬಳ್ಳಿಯಲ್ಲಿ ಹುಡುಕಲಿದ್ದ ಅಂಥದೇ ತೋಳು ಬಾಗಲಕೋಟೆಯ ಗುಜರಿಯೊಂದರಲ್ಲಿ ಸಿಕ್ಕಿತು. ಸೀಮೆಎಣ್ಣೆಯಲ್ಲಿ ನೆನೆಸಿ, ಒರೆಸಿ, ಸುಣ್ಣದ ಪುಡಿ ಉದುರಿಸಿ ನೋಡಿದೆ. ಬಿರುಕಿದ್ದರೆ ಒಳಗಿನ ಎಣ್ಣೆ ಜಿನುಗಿ ಪುಡಿಯ ಮೇಲೆ ಗೆರೆ ಮೂಡುತ್ತದೆ. ಮೂಡಲಿಲ್ಲ. ತೋಳು ಕೂರಿಸಿ, ಎರಡೂ ಚಕ್ರ ಅಳೆದು, ಬ್ರೇಕು ನೋಡಿ, ಕೊನೆಗೆ ಕಾಯಿಲಿನ ವೈರು ಸಿಕ್ಕಿಸಿದೆ. ಇಂಜಿನ್ ಅರ್ಧ ಸುತ್ತಿಗೇ ಹಿಡಿಯಿತು. ಹಿಂದಿನ ತಗ್ಗಿನಲ್ಲಿ ಆ ಇನ್ನೊಂದೂ ಹಿಡಿಯಿತು. ಡ್ರೈವರ್ ಯಾರ ಮುಖವನ್ನೂ ನೋಡಲಿಲ್ಲ. ಕಣ್ಣು ಮುಚ್ಚಿ, ತಲೆ ಒಂದು ಬದಿಗೆ ವಾಲಿಸಿ, ಸದ್ದನ್ನಷ್ಟೇ ಕೇಳುತ್ತಿದ್ದ.

ಬಾದಾಮಿಗೆ ಹೊರಟ ದಿನ ಮಾಲೀಕ ಕೀ ನನ್ನ ಕೈಗೆ ಇಟ್ಟ. "ನೀವs ಹೊಡೀರಿ ಉಸ್ತಾದ್ರ. ನನ್ನ ಕೈಲೆ ಆಗೂದಿಲ್ಲ." ಅವನು ಡ್ರೈವರನ ಮಗಳನ್ನು ಕರೆದುಕೊಂಡು ಇನ್ನೊಂದು ಕಾರಿನಲ್ಲಿ ಹಿಂದೆ ಬಂದ. ನನ್ನ ಹಿಂದಿನ ಸೀಟಿನಲ್ಲಿ ತಾಯಿ, ಸೊಸೆ, ಮಕ್ಕಳು. ಪಕ್ಕದಲ್ಲಿ ಡ್ರೈವರ್. ತಾಯಿಯೇ ಹಟ ಹಿಡಿದು ಕೂರಿಸಿದ್ದಳು.

ಅಮೀನಗಡ ದಾಟುವವರೆಗೆ ನನಗೆ ಗೊತ್ತಾಗಲಿಲ್ಲ. ಕಮತಗಿಯ ಹತ್ತಿರ ಎತ್ತಿನ ಗಾಡಿಯೊಂದು ಅಡ್ಡ ಬಂದು ನಿಧಾನಿಸುವಾಗ ಪಕ್ಕದಲ್ಲಿ ಏನೋ ಅಲುಗಿತು. ಅವನ ಎಡಗಾಲು ನೆಲವನ್ನು ಒತ್ತುತ್ತಿತ್ತು. ಕ್ಲಚ್ಚು. ಅವನ ಮುಂದೆ ಇಲ್ಲದ ಕ್ಲಚ್ಚು. ನಾನು ಗೇರು ಬದಲಿಸುವ ಮೊದಲೇ ಒತ್ತಿ, ನಾನು ಬದಲಿಸಿದ ಮೇಲೆ ಬಿಟ್ಟ. ಮುಂದಿನ ತಿರುವಿನಲ್ಲೂ ಹಾಗೇ, ನನಗಿಂತ ಒಂದು ಕ್ಷಣ ಮೊದಲು. ಗುಳೇದಗುಡ್ಡದ ಇಳಿಜಾರಿನ ಮೊದಲ ತಿರುವಿನಲ್ಲಿ ನನ್ನ ಲೆಕ್ಕದಲ್ಲಿ ಗೇರು ಇಳಿಸಿದೆ. ಇಂಜಿನ್ ಗೊಣಗಿತು, ತಡವಾಗಿತ್ತು. ಎರಡನೆಯದರಲ್ಲಿ ಅವನ ಕಾಲು ನೋಡಿ ಇಳಿಸಿದೆ. ಗಾಡಿ ನೀರಿನ ಹಾಗೆ ಜಾರಿ ತಿರುಗಿತು. ಆಮೇಲೆ ನಾನು ರಸ್ತೆಯ ಮೇಲೆ ಕಣ್ಣಿಟ್ಟೆ, ಕಾಲನ್ನು ಅವನಿಗೆ ಬಿಟ್ಟುಕೊಟ್ಟೆ. ಹಿಂದಿನ ಸೀಟಿನಲ್ಲಿ ತಾಯಿ, "ಹಾಂ, ಹಿಂಗs ಹೊಡೀತಿದ್ದ," ಎಂದಳು. ಯಾರಿಗೆ ಹೇಳಿದಳೋ. ಸ್ಟೇರಿಂಗ್ ಹಿಡಿದದ್ದು ನನ್ನ ಕೈ. ಆದರೆ ಆ ಇಳಿಜಾರನ್ನು ನಾನು ಇಳಿದೆ ಎಂದು ಇವತ್ತಿಗೂ ಹೇಳಲಾರೆ.

ಬನಶಂಕರಿಯ ಮರದ ನೆರಳಿನಲ್ಲಿ ನಿಲ್ಲಿಸಿದೆ. ಒಂದನೇ ಗೇರು ಹಾಕಿ, ಕ್ಲಚ್ ಒತ್ತಿಹಿಡಿದು, ಕೀ ತೆಗೆದೆ. ಹಿಂದಿನ ಸೀಟಿನವರೆಲ್ಲ ಇಳಿದರು. ಇಂಜಿನ್ ಮಾತ್ರ ನಿಲ್ಲಲಿಲ್ಲ. ಕಿಡಿ ಇಲ್ಲದೆ, ಕೀ ನನ್ನ ಕೈಯಲ್ಲಿರುವಾಗ, ದಡ್, ದಡ್, ದಡ್ ಎಂದು ತನ್ನಷ್ಟಕ್ಕೆ ಸುತ್ತುತ್ತಿತ್ತು. ಕಾದ ಸಿಲಿಂಡರಿನೊಳಗೆ ಕೆಂಡವಾದ ಮಸಿ ಇದ್ದರೆ ಹಾಗಾಗುತ್ತದೆ, ಅದು ನನಗೆ ಗೊತ್ತು. ಆದರೂ ಏನು ಮಾಡಬೇಕೆಂದು ಆ ಗಳಿಗೆಗೆ ತೋಚಲಿಲ್ಲ. ಪಕ್ಕಕ್ಕೆ ನೋಡಿದೆ. ಅವನ ಎಡಗಾಲು ಇನ್ನೂ ನೆಲಕ್ಕೆ ಒತ್ತಿಕೊಂಡೇ ಇತ್ತು. ಅವನು ಎದುರಿನ ಗಾಜಿನಾಚೆ ನೋಡುತ್ತ, ಅವಸರವಿಲ್ಲದೆ, ಆ ಕಾಲನ್ನು ಮೇಲೆತ್ತಿದ.

ನಾನೂ ಕ್ಲಚ್ಚಿನಿಂದ ಕಾಲೆತ್ತಿದೆ. ಗಾಡಿ ಸಣ್ಣಗೆ ಒಮ್ಮೆ ಮುಂದಕ್ಕೆ ಜಗ್ಗಿ ಸುಮ್ಮನಾಯಿತು.